ಅಮ್ಮನ ಜೊತೆ ಮಂತ್ರಾಲಯಕ್ಕೆ: ಹೋಗಿಬಂದವರು ಹೇಳಿದ್ದು

ಪ್ರಶ್ನೆ: ಅಮ್ಮನಿಗೆ 72. ಗುರುವಾರ ತಪ್ಪದೆ ರಾಘವೇಂದ್ರ ರಾಯರ ಮಠಕ್ಕೆ ಹೋಗುತ್ತಾರೆ. ಈ ಸಲ ಆರಾಧನೆಗೆ ಮಂತ್ರಾಲಯಕ್ಕೆ ಕರೆದುಕೊಂಡು ಹೋಗು ಅಂತಿದ್ದಾರೆ. ನನಗೆ ರಾಯರ ಪವಾಡದ ಕಥೆ ಬಿಟ್ಟರೆ ಬೇರೇನೂ ಗೊತ್ತಿಲ್ಲ. ಸುಮ್ನೆ ಕಾರು ಓಡಿಸಿಕೊಂಡು ಹೋಗಿ ಬರೋಕೆ ಮನಸ್ಸಿಲ್ಲ. ಏನು ತಿಳಿದುಕೊಂಡು ಹೋಗಲಿ?

ಒಬ್ಬರು: ಮೊದಲು ದಿನ ಬದಲಾಯಿಸಿ. ಶ್ರಾವಣ ಬಹುಳದ ಪಾಡ್ಯ, ಬಿದಿಗೆ, ತದಿಗೆ, ಮೂರೂ ದಿನ ಜನವೋ ಜನ. ನಮ್ಮತ್ತೆಯನ್ನು ನಡುವಿನ ದಿನದ ಮಧ್ಯಾರಾಧನೆಗೆ ಕರೆದುಕೊಂಡು ಹೋಗಿದ್ದೆವು. ಸಾಲಲ್ಲಿ ನಿಂತು ನಿಂತು ಕಾಲು ಊದಿಕೊಂಡಿತು. ರಾಯರ ಸಮಾಧಿ, ಅಂದರೆ ಬೃಂದಾವನದ ಮುಂದೆ ಕಣ್ಣು ಮುಚ್ಚುವಷ್ಟರಲ್ಲಿ ಮುಂದೆ ತಳ್ಳಿದರು. ಮರುವರ್ಷ ಒಂದು ಮಂಗಳವಾರ ಹೋದಾಗ ಅವರು ಕಂಬಕ್ಕೆ ಒರಗಿ ಕೂತು ಸ್ತೋತ್ರ ಪೂರ್ತಿ ಹೇಳಿಕೊಂಡರು. ಮೊದಲು ಗ್ರಾಮದೇವತೆ ಮಂಚಾಲಮ್ಮನ ದರ್ಶನ, ಆಮೇಲೆ ರಾಯರು. ನಿಮಗೆ ಪಂಚೆ, ಶಲ್ಯ ಇರಲಿ, ಒಳಗೆ ಹೋಗುವಾಗ ಅಂಗಿ ತೆಗೆಯಬೇಕು.

ಇನ್ನೊಬ್ಬರು: ನಾನೂ ನಿಮ್ಮ ಹಾಗೇ ಇದ್ದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ರಾಯರ ಬಡತನ.

ಸನ್ಯಾಸಕ್ಕೆ ಮುಂಚೆ ಅವರು ವೆಂಕಟನಾಥ. ಹುಟ್ಟಿದ್ದು ತಮಿಳುನಾಡಿನ ಭುವನಗಿರಿಯಲ್ಲಿ. ಹೆಂಡತಿ ಸರಸ್ವತಿ, ಒಬ್ಬ ಮಗ. ಪಾಠ ಹೇಳಿ ದುಡ್ಡು ಕೇಳುತ್ತಿರಲಿಲ್ಲ, ಹಾಗಾಗಿ ಒಲೆ ಹಚ್ಚದ ದಿನಗಳೇ ಜಾಸ್ತಿ. ಒಮ್ಮೆ ಯಾರದೋ ಮನೆ ಊಟಕ್ಕೆ ಹೋದರೆ, ಅವರ ಹರಕು ಬಟ್ಟೆ ನೋಡಿ ಗಂಧ ತೇಯಲು ಕೂರಿಸಿದರಂತೆ. ತೇಯುತ್ತಾ ಅವರು ಅಗ್ನಿಸೂಕ್ತ ಹೇಳಿಕೊಂಡರು. ಆ ಗಂಧ ಹಚ್ಚಿಕೊಂಡವರ ಮೈಯೆಲ್ಲಾ ಉರಿ. ಈ ಕಥೆಯನ್ನು ಎಲ್ಲರೂ ಪವಾಡ ಅಂತ ಹೇಳ್ತಾರೆ. ನನಗೆ ಕಾಣೋದು ಹಸಿದು ಬಂದ ವಿದ್ವಾಂಸನ ಕೈಗೆ ಗಂಧದ ಕೊರಡು ಕೊಟ್ಟದ್ದು, ಆತ ಮರುಮಾತಾಡದೆ ತೇಯುತ್ತಾ ಕೂತದ್ದು.

ಗುರು ಸುಧೀಂದ್ರ ತೀರ್ಥರು ಪೀಠ ವಹಿಸಿಕೋ ಅಂದಾಗ ಅವರು ಒಪ್ಪಲಿಲ್ಲ. ಹೆಂಡತಿ, ಪುಟ್ಟ ಮಗನನ್ನು ಬಿಟ್ಟು ಬರೋದು ಹೇಗೆ? ಕೊನೆಗೆ 1621ರಲ್ಲಿ ತಂಜಾವೂರಲ್ಲಿ ಸನ್ಯಾಸ ತಗೊಂಡರು. 1671ರಲ್ಲಿ ತುಂಗಭದ್ರೆಯ ದಂಡೆಯ ಮಂಚಾಲೆಯಲ್ಲಿ, ಅಂದರೆ ಈಗಿನ ಮಂತ್ರಾಲಯದಲ್ಲಿ, ಬೃಂದಾವನ ಸೇರಿದರು. ನಡುವೆ ಪೂರ್ತಿ ಐವತ್ತು ವರ್ಷ ಪಾಠ, ಬರವಣಿಗೆ, ಸಂಚಾರ. ಜಯತೀರ್ಥರ ದ್ವೈತ ವೇದಾಂತದ ಗ್ರಂಥ ನ್ಯಾಯಸುಧೆಗೆ ಅವರು ಬರೆದ ವ್ಯಾಖ್ಯಾನದ ಹೆಸರು ಪರಿಮಳ. ವೀಣೆಯನ್ನೂ ನುಡಿಸುತ್ತಿದ್ದರು. ಮಂಚಾಲೆ ಗ್ರಾಮವನ್ನು ಕೊಟ್ಟದ್ದು ಆದವಾನಿಯ ಮುಸ್ಲಿಂ ಅಧಿಕಾರಿ ಸಿದ್ದಿ ಮಸೂದ್ ಖಾನ್ ಅನ್ನೋದು ಮಠದಲ್ಲಿ ನಡೆದುಬಂದ ಮಾತು. ಇದನ್ನು ಮಕ್ಕಳಿಗೆ ಖಂಡಿತ ಹೇಳಬೇಕು ಅನ್ನಿಸುತ್ತೆ ನನಗೆ.

ಇಷ್ಟು ತಿಳಿದುಕೊಂಡು ಹೋದೆ. ಪ್ರಾಕಾರದಲ್ಲಿ ಒಬ್ಬ ಹೆಂಗಸು ಒದ್ದೆ ಸೀರೆಯಲ್ಲಿ ಹೆಜ್ಜೆ ನಮಸ್ಕಾರ ಹಾಕುತ್ತಿದ್ದರು. ಒಂದು ಹೆಜ್ಜೆ, ಒಂದು ನಮಸ್ಕಾರ. ಮೊಣಕೈಗೆ ಮಣ್ಣು ಮೆತ್ತಿತ್ತು. ಅಮ್ಮ ಮೆಲ್ಲಗೆ, "ನೀನು ಹೊಟ್ಟೆಯಲ್ಲಿದ್ದಾಗ ನಿಮ್ಮಜ್ಜಿ ಹೀಗೇ ಹಾಕಿದ್ರು ಕಣೋ" ಅಂದರು. ಅಷ್ಟು ವರ್ಷ ನನಗೆ ಆ ವಿಷಯವೇ ಗೊತ್ತಿರಲಿಲ್ಲ. ನಿಮ್ಮಮ್ಮನ ಹತ್ತಿರವೂ ಇಂಥದ್ದೊಂದು ಇರುತ್ತೆ, ಅಲ್ವಾ? ದಾರಿಯಲ್ಲಿ ಹಾಡು ಹಾಕಬೇಡಿ, ಅವರನ್ನೇ ಕೇಳಿ.

ಮತ್ತೊಬ್ಬರು: ಒಂದು ದಿನ ಜಾಸ್ತಿ ಇಟ್ಟುಕೊಳ್ಳಿ. ರಾಯಚೂರು ಜಿಲ್ಲೆಯ ಕಡೆ ಹೊಳೆದಂಡೆಯಲ್ಲೇ ಬಿಚ್ಚಾಲೆ ಇದೆ, ರಾಯರ ಶಿಷ್ಯ ಅಪ್ಪಣಾಚಾರ್ಯರ ಊರು. ನಿಮ್ಮಮ್ಮ ದಿನಾ ಹೇಳುವ 'ಪೂಜ್ಯಾಯ ರಾಘವೇಂದ್ರಾಯ' ಅವರು ಕಟ್ಟಿದ ಸ್ತೋತ್ರದ್ದೇ. ರಾಯರು ಬೃಂದಾವನ ಸೇರುವ ಸುದ್ದಿ ಕೇಳಿ, ತುಂಬಿದ ಹೊಳೆ ದಾಟುತ್ತಾ ಅದನ್ನು ಹೇಳಿಕೊಂಡು ಓಡಿ ಬಂದರಂತೆ. ಅಷ್ಟರಲ್ಲಿ ಬೃಂದಾವನದ ಕೊನೆಯ ಕಲ್ಲು ಇಟ್ಟಾಗಿತ್ತು. ಬಿಚ್ಚಾಲೆಯಲ್ಲಿ ಗದ್ದಲವಿಲ್ಲ. ನಾವು ಹೋದಾಗ ಅಕ್ಕ ನೀರಲ್ಲಿ ಕಾಲು ಇಳಿಬಿಟ್ಟು ಕೂತು ಅದೇ ಸ್ತೋತ್ರ ಹೇಳಿದಳು. ಕೆಳಗಡೆ ಮೆಟ್ಟಿಲು ಪಾಚಿ ಕಟ್ಟಿ ಜಾರುತ್ತಿತ್ತು. ಅಮ್ಮನ ಕೈ ಬಿಡಬೇಡಿ.