1000 ಗಜಕ್ಕೆ ಯಾವ ಸ್ಕೋಪ್? 55 ಪವರ್ ಸಾಕಾ, 80 ಬೇಕಾ?

ಚಾಂಡ್ಲರ್ ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ಅಮೆರಿಕದ ಮರಳುಗಾಡಿನ ಊರು ಫೀನಿಕ್ಸ್‌ನ ಬೆನ್ ಏವರಿ ರೇಂಜಿನಲ್ಲಿ ಎಫ್-ಟಿಆರ್ (ಮಲಗಿ, ಸ್ಕೋಪ್ ಹಾಕಿ ದೂರದ ಟಾರ್ಗೆಟ್‌ಗೆ ಹೊಡೆಯೋ ಎಫ್-ಕ್ಲಾಸ್ ಸ್ಪರ್ಧೆಯ ಒಂದು ವಿಭಾಗ) ಹೊಡೆಯುತ್ತೇನೆ, .308 ಕ್ಯಾಲಿಬರ್ ರೈಫಲ್. ಇಲ್ಲಿಯವರೆಗೆ 600 ಗಜ, ಇನ್ನು ಮೇಲೆ 1000. ಈಗಿರೋದು 24 ಪವರ್ ಸ್ಕೋಪ್ (24 ಪಟ್ಟು ದೊಡ್ಡದಾಗಿ ತೋರಿಸೋದು), ಅಷ್ಟು ದೂರಕ್ಕೆ ಸಾಲದು ಅನ್ನಿಸುತ್ತಿದೆ. ನೈಟ್‌ಫೋರ್ಸ್ ಕಾಂಪಿಟಿಷನ್ 15-55×52, ವೋರ್ಟೆಕ್ಸ್ ಗೋಲ್ಡನ್ ಈಗಲ್ 15-60×52, ಮಾರ್ಚ್ 8-80×56, ಈ ಮೂರರಲ್ಲಿ ಒಂದು ತಗೊಳ್ಳೋಣ ಅಂತ (ಮೊದಲ ಎರಡು ಸಂಖ್ಯೆ ಪವರ್, ಕೊನೆಯದು ಮುಂದಿನ ಗಾಜಿನ ಅಗಲ, ಮಿಮೀನಲ್ಲಿ). ರೈಫಲ್, ಬೈಪಾಡ್ (ಮುಂದಿನ ಎರಡು ಕಾಲಿನ ಸ್ಟ್ಯಾಂಡ್), ಸ್ಕೋಪ್ ಎಲ್ಲಾ ಸೇರಿ 8.25 ಕೆಜಿ ದಾಟಬಾರದು, ಹಾಗಾಗಿ ತೂಕದ್ದೂ ಚಿಂತೆ. ಅಂಗಡಿಯಲ್ಲಿ ನೋಡಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. 80 ಪವರ್‌ಗೆ ಅಷ್ಟು ದುಡ್ಡು ಕೊಡೋದರಲ್ಲಿ ಅರ್ಥ ಇದೆಯಾ?

ಮೆಸಾ ಶೂಟರ್:
80ರ ಆಸೆ ಬಿಡಿ. ಇಲ್ಲಿ ನಿಮಗೆ ಅಡ್ಡ ಬರೋದು ಮಿರಾಜ್, ಅಂದರೆ ಬಿಸಿ ಗಾಳಿಗೆ ಚಿತ್ರ ಅಲೆಯಾಡೋದು. ಬೆಳಗ್ಗೆ ಎಂಟಕ್ಕೆ ಪಿಟ್‌ನವರು (ಟಾರ್ಗೆಟ್ ಕೆಳಗಿನ ಹಳ್ಳದಲ್ಲಿದ್ದು ಏಟು ಗುರುತಿಸೋರು) ಗುಂಡಿನ ತೂತಿಗೆ ಸಿಕ್ಕಿಸಿದ ಬಿಲ್ಲೆಯ ಅಂಚು 50 ಪವರ್‌ನಲ್ಲಿ ಚೂಪಾಗಿ ಕಾಣುತ್ತದೆ. ಹನ್ನೊಂದರ ಹೊತ್ತಿಗೆ ನೆಲ ಕಾದು, ಅದೇ ಬಿಲ್ಲೆ ಕುದಿಯೋ ನೀರಿನ ತಳದಲ್ಲಿರೋ ನಾಣ್ಯದ ಹಾಗೆ ಅಲುಗಾಡುತ್ತದೆ. ಆಗ ಪವರ್ ಏರಿಸಿದಷ್ಟೂ ಅಲುಗಾಟವೇ ದೊಡ್ಡದಾಗೋದು. 30-35ಕ್ಕೆ ಇಳಿಸಲೇಬೇಕಾಗುತ್ತದೆ.

ಬೆಳಕಿನ ಲೆಕ್ಕವನ್ನೂ ಹಾಕಿ ನೋಡಿ. ಮುಂದಿನ ಗಾಜಿನ ಅಗಲವನ್ನು ಪವರ್‌ನಿಂದ ಭಾಗಿಸಿದರೆ ಕಣ್ಣಿಗೆ ಬರೋ ಬೆಳಕಿನ ಕಿಂಡಿಯ ಅಳತೆ ಸಿಗುತ್ತದೆ. 56 ಮಿಮೀ ಗಾಜು, 80 ಪವರ್ ಅಂದರೆ ಬರೀ 0.7 ಮಿಮೀ. ತಲೆ ಒಂಚೂರು ಸರಿದರೂ ಕಪ್ಪಾಗುತ್ತದೆ. 40ರಲ್ಲಿ ಅದು 1.4.

ಅದಕ್ಕೇ ಅಂಗಡಿಯ ಎಸಿ ಕೆಳಗೆ ನಿಂತು ಸ್ಕೋಪ್ ಆರಿಸಬೇಡಿ. ರೇಂಜಿಗೆ ಹೋಗಿ, ಮಧ್ಯಾಹ್ನದ ಬಿಸಿಲಲ್ಲಿ ಪಕ್ಕದವರ ಸ್ಕೋಪ್‌ನಲ್ಲಿ ನೋಡೋಕೆ ಕೇಳಿ. ಯಾರೂ ಇಲ್ಲ ಅನ್ನೋದಿಲ್ಲ.

ಸರ್ರೆ ರವಿ:
ಮೆಸಾ ಅವರ ಮಾತು ಮರಳುಗಾಡಿಗೆ ಸರಿ. ನಾನು ಇಂಗ್ಲೆಂಡಿನ ಬಿಸ್ಲಿಯಲ್ಲಿ, ಸ್ಟಿಕಲ್‌ಡೌನ್ ರೇಂಜಿನಲ್ಲಿ ಹೊಡೆಯೋದು. ಮೋಡ ಮುಚ್ಚಿದ ದಿನ 50 ಪವರ್ ಧಾರಾಳವಾಗಿ ಬಳಸಬಹುದು, ನಾನಂತೂ ಬಳಸುತ್ತೇನೆ. ಆದರೆ ನನಗೆ ಪವರ್‌ಗಿಂತ ರೆಟಿಕಲ್ (ಸ್ಕೋಪ್ ಒಳಗೆ ಕಾಣೋ ಗುರಿಗೆರೆ) ಮುಖ್ಯ. 1000 ಗಜದಲ್ಲಿ ನಿಮ್ಮ ಟಾರ್ಗೆಟ್‌ನ ನಟ್ಟನಡುವಿನ ವೃತ್ತ, ಎಕ್ಸ್ ರಿಂಗ್, ಬರೀ 5 ಇಂಚು, ಅಲ್ವಾ? ಗೆರೆ ದಪ್ಪಗಿದ್ದರೆ ಅದನ್ನೇ ಮುಚ್ಚಿಬಿಡುತ್ತದೆ. ರೆಟಿಕಲ್ ಫಸ್ಟ್ ಫೋಕಲ್ ಪ್ಲೇನ್‌ನಲ್ಲಿ (ಪವರ್ ಬದಲಿಸೋ ಗಾಜುಗಳ ಮುಂದೆ) ಇದ್ದರೆ ಪವರ್ ಏರಿಸಿದ ಹಾಗೆಲ್ಲ ಗೆರೆಯೂ ದಪ್ಪವಾಗುತ್ತದೆ, ಸೆಕೆಂಡ್‌ನಲ್ಲಿ (ಅವುಗಳ ಹಿಂದೆ) ಇದ್ದಷ್ಟೇ ಇರುತ್ತದೆ. ಎಫ್-ಕ್ಲಾಸ್‌ಗೆ ಸೆಕೆಂಡ್ ಫೋಕಲ್ ತಗೊಳ್ಳಿ, ಗುರಿ ಸರಿಸೋ ತಿರುಗಣೆಯ ಒಂದೊಂದು ಕ್ಲಿಕ್ 1/8 ಎಂಒಎ (ಕೋನದ ಅಳತೆ, ಒಂದು ಡಿಗ್ರಿಯ 60ರಲ್ಲಿ ಒಂದು ಪಾಲು) ಇರಲಿ. 1000 ಗಜದಲ್ಲಿ ಅದು ಒಂದು ಕ್ಲಿಕ್‌ಗೆ 1.3 ಇಂಚು. 1/4 ಆದರೆ 2.6 ಇಂಚು, ಒಂದೇ ಕ್ಲಿಕ್‌ಗೆ ಎಕ್ಸ್ ರಿಂಗ್‌ನ ಅರ್ಧ ಹೋಯಿತು.

ಚಾಂಡ್ಲರ್ ಕನ್ನಡಿಗ:
ಇಬ್ಬರಿಗೂ ಥ್ಯಾಂಕ್ಸ್. ಟ್ರ್ಯಾಕಿಂಗ್, ಅಂದರೆ ಕ್ಲಿಕ್ ತಿರುಗಿಸಿದಷ್ಟೇ ಗುರಿ ಸರಿಯುತ್ತದಾ ಅನ್ನೋದನ್ನ ಹೇಗೆ ಪರೀಕ್ಷೆ ಮಾಡೋದು? 100 ಗಜದಲ್ಲಿ ಆಗುತ್ತದಾ?

ಮೆಸಾ ಶೂಟರ್:
ಧಾರಾಳವಾಗಿ ಆಗುತ್ತದೆ. ದೂರವನ್ನು ಟೇಪ್ ಹಿಡಿದೇ ಅಳೆಯಿರಿ. ಎತ್ತರದ ಹಲಗೆ ಮೇಲೆ ತೂಗುಗುಂಡು ಇಳಿಬಿಟ್ಟು ನೇರ ಗೆರೆ ಎಳೆಯಿರಿ. ಕೆಳಗಿನ ಚುಕ್ಕಿಗೇ ಗುರಿ ಇಟ್ಟುಕೊಂಡು 30 ಎಂಒಎ ಏರಿಸಿ ಹೊಡೆದರೆ ಗುಂಡು 31.4 ಇಂಚು ಮೇಲೆ ಬೀಳಬೇಕು. ವಾಪಸ್ ಇಳಿಸಿದರೆ ಮೊದಲಿನ ಗುಂಪಿಗೇ ಬೀಳಬೇಕು.

ನಮ್ಮ ಆಟದಲ್ಲಿ ಈ ಎರಡನೆಯದೇ ಮುಖ್ಯ. ಸೈಟರ್ (ಅಂಕಕ್ಕೆ ಸೇರದ ಮೊದಲ ಪರೀಕ್ಷೆಯ ಗುಂಡು) ಹೊಡೆಯೋಕೆ ಬಿಡುವುದರಿಂದ ಒಟ್ಟು ಅಳತೆಯಲ್ಲಿ ನೂರಕ್ಕೆ ಒಂದು ಹೆಚ್ಚುಕಮ್ಮಿ ಇದ್ದರೆ ನಿಭಾಯಿಸಬಹುದು. ಆದರೆ ಗುಂಡು ಹಾರಿದ ಒದೆತಕ್ಕೆ ರೆಟಿಕಲ್ ತಾನಾಗಿ ಕಾಲು ಎಂಒಎ ಸರಿದರೆ, ನೀವು ಅದನ್ನು ಗಾಳಿ ಅಂದುಕೊಂಡು ತಿದ್ದುತ್ತಾ ಹೋಗುತ್ತೀರಿ, ಸ್ಕೋರು ಕೈಬಿಟ್ಟು ಹೋಗುತ್ತದೆ. ಅಂಥ ಸ್ಕೋಪ್‌ನಲ್ಲಿ ಗಾಜು ಎಷ್ಟೇ ಚೆನ್ನಾಗಿದ್ದರೂ ಬೇಡ.

ಸರ್ರೆ ರವಿ:
ಒಂದು ಸೇರಿಸುತ್ತೇನೆ. ಪ್ಯಾರಲಾಕ್ಸ್ (ತಲೆ ಸರಿದಾಗ ಗೆರೆ ಟಾರ್ಗೆಟ್ ಮೇಲೆ ಸರಿದ ಹಾಗೆ ಕಾಣೋದು) ಸರಿಪಡಿಸೋ ತಿರುಗಣೆಯ ಮೇಲೆ ಬರೆದಿರೋ ಗಜದ ಸಂಖ್ಯೆ ನಂಬಬೇಡಿ. ಮಿರಾಜ್ ಇದ್ದಾಗ ಚಿತ್ರ ಚೂಪಾಯಿತಾ ಅಂತ ನೋಡಿ ನಿಲ್ಲಿಸಿದರೂ ತಪ್ಪಾಗಬಹುದು. ರೈಫಲ್ ಬ್ಯಾಗ್ ಮೇಲೆ ಅಲುಗಾಡದ ಹಾಗೆ ಇಟ್ಟು, ಮುಟ್ಟದೆ ತಲೆ ಮಾತ್ರ ಮೇಲೆ ಕೆಳಗೆ ಆಡಿಸಿ. ಗೆರೆ ಟಾರ್ಗೆಟ್ ಮೇಲೆ ಓಡಾಡೋದು ನಿಲ್ಲೋವರೆಗೂ ತಿರುಗಿಸಿ, ಆಮೇಲೆ ಅಲ್ಲೊಂದು ಪೆನ್ಸಿಲ್ ಗುರುತು ಹಾಕಿಕೊಳ್ಳಿ.