ಕಡಲ ಕಯಾಕಿಂಗ್‌ಗೆ ತುರ್ತು ಸಂಕೇತ ಸಾಧನ: ಮೊದಲು ಯಾವುದನ್ನು ಕೊಳ್ಳಲಿ?

ಪ್ರಶ್ನೆ

ನಮಸ್ಕಾರ. ಎರಡು ವರ್ಷಗಳಿಂದ ದಂಡೆಯ ಅಂಚಿನಲ್ಲೇ ಕಯಾಕ್ ನಡೆಸುತ್ತಿದ್ದೇನೆ. ಮುಂದಿನ ತಿಂಗಳು ಗೆಳೆಯನೊಬ್ಬನ ಜೊತೆ ಐದಾರು ಕಿಲೋಮೀಟರ್ ಆಚೆಗಿನ ದ್ವೀಪಕ್ಕೆ ಹೋಗಿಬರುವ ಆಸೆ. ಸದ್ಯ ನನ್ನ ಬಳಿ ಇರುವುದು ಒಂದು ಸೀಟಿ, ನೀರು ಹೋಗದ ಚೀಲದಲ್ಲಿ ಒಂದು ಮೊಬೈಲ್, ಅಷ್ಟೇ. ದೋಣಿಗಳ ಜೊತೆ ಮಾತಾಡುವ ವಿಎಚ್‌ಎಫ್ ರೇಡಿಯೊ, ಉಪಗ್ರಹಕ್ಕೆ ತುರ್ತು ಸಂಕೇತ ಕಳಿಸುವ ಪಿಎಲ್‌ಬಿ, ಉರಿದು ಬೆಳಕು ಬೀರುವ ಫ್ಲೇರ್ ಎಂದು ಪಟ್ಟಿ ಬೆಳೆಯುತ್ತಲೇ ಇದೆ. ಎಲ್ಲವನ್ನೂ ಒಮ್ಮೆಗೇ ಕೊಳ್ಳಲಾರೆ. ಮೊದಲು ಯಾವುದು? ಮೊಬೈಲ್ ಸಾಲದೇ?

ಉತ್ತರ 1

ಮೊಬೈಲ್ ಸಾಲದು. ಚೀಲದ ಸಮೇತ ಅದನ್ನು ಉಪ್ಪುನೀರಿನ ಬಕೆಟ್ಟಿನಲ್ಲಿ ಅದ್ದಿ ತೆಗೆದು, ಒದ್ದೆ ಬೆರಳಿನಿಂದ ಒಂದು ನಂಬರ್ ಒತ್ತಿ ನೋಡಿ. ಮನೆಯೊಳಗೆ ನಿಂತು ಮಾಡಿದರೇ ಪರದೆ ಮಾತು ಕೇಳುವುದಿಲ್ಲ, ಅಲೆಯ ನಡುವೆ ಕೇಳೀತೇ?

ಯಾವುದನ್ನು ಕೊಳ್ಳಬೇಕು ಎನ್ನುವುದಕ್ಕಿಂತ ಮೊದಲು ಎಲ್ಲಿ ಇಟ್ಟುಕೊಳ್ಳಬೇಕು ಎಂದು ಹೇಳುತ್ತೇನೆ. ಹನ್ನೊಂದು ವರ್ಷಗಳ ಹಿಂದೆ ನನ್ನ ಕಯಾಕ್ ಮಗುಚಿದಾಗ ರೇಡಿಯೊ ಬೆನ್ನ ಹಿಂದಿನ ಗೂಡಿನಲ್ಲಿ, ಬಿಗಿ ಮುಚ್ಚಳದ ಕೆಳಗೆ ಬಹಳ ಭದ್ರವಾಗಿತ್ತು. ನಾನು ಮೇಲೆದ್ದು ಕಣ್ಣಿನ ಉಪ್ಪುನೀರು ಒರೆಸಿಕೊಳ್ಳುವಷ್ಟರಲ್ಲಿ ಕಯಾಕ್ ಕೈಗೆ ಸಿಗದಷ್ಟು ದೂರ ಸರಿದಿತ್ತು. ಈಜಿದೆ, ಅದು ಇನ್ನೂ ದೂರ ಹೋಯಿತು. ಗಾಳಿ ಹಿಡಿದ ಖಾಲಿ ದೋಣಿಯನ್ನು ಈಜಿ ಹಿಡಿಯಲಾಗುವುದಿಲ್ಲ. ಜೊತೆಗಿದ್ದವರು ಅದನ್ನು ತಂದುಕೊಟ್ಟರು. ಅವರಿಲ್ಲದಿದ್ದರೆ ಆ ರೇಡಿಯೊ ನನ್ನನ್ನು ಬಿಟ್ಟು ತೇಲಿಹೋಗುತ್ತಿತ್ತು. ಅಂದಿನಿಂದ ಸಹಾಯ ಕರೆಯುವ ಪ್ರತಿಯೊಂದು ವಸ್ತುವೂ ನನ್ನ ಲೈಫ್ ಜಾಕೆಟ್ಟಿನ ಎದೆಯ ಜೇಬಿನಲ್ಲಿ, ದಾರ ಕಟ್ಟಿಕೊಂಡೇ ಇರುತ್ತದೆ.

ಈಗ ನಿಮ್ಮ ಪ್ರಶ್ನೆ. ಮೊದಲು ವಿಎಚ್‌ಎಫ್ ಕೊಳ್ಳಿ. ನಿಮಗೆ ಬೇಗ ಸಹಾಯ ಸಿಗುವುದು ಪಕ್ಕದಲ್ಲಿರುವ ದೋಣಿಯಿಂದ, ಅದರ ಕಿವಿಗೆ ಬೀಳುವುದು ತುರ್ತು ಕರೆಯ 16ನೇ ಚಾನೆಲ್, ಅಂದರೆ 156.8 ಮೆಗಾಹರ್ಟ್ಸ್. ನೀರಿಗೆ ಬಿದ್ದರೆ ತೇಲುವ, ಕೈಯಲ್ಲಿ ಹಿಡಿಯುವ 5 ವ್ಯಾಟ್ ರೇಡಿಯೊ ಸಾಕು. ಆದರೆ ವಿಎಚ್‌ಎಫ್ ಅಲೆಗಳು ಹೆಚ್ಚುಕಡಿಮೆ ನೇರ ದಾರಿಯಲ್ಲಷ್ಟೇ ಸಾಗುತ್ತವೆ. ಕಯಾಕಿನಲ್ಲಿ ಕುಳಿತವರ ಆಂಟೆನಾ ನೀರಿಗೆ ಅಂಟಿಕೊಂಡಂತೆಯೇ ಇರುತ್ತದೆ, ಹಾಗಾಗಿ ಇನ್ನೊಂದು ಕಯಾಕಿಗೆ ಕೆಲವೇ ಕಿಲೋಮೀಟರ್ ಮುಟ್ಟುತ್ತದೆ. ಎತ್ತರದ ಗೋಪುರವಿರುವ ಕರಾವಳಿ ಕೇಂದ್ರಕ್ಕಾದರೆ ಬಹಳ ದೂರದಿಂದಲೂ ಕೇಳಿಸುತ್ತದೆ. ಜಿಪಿಎಸ್ ಮತ್ತು ಡಿಎಸ್‌ಸಿ (ತುರ್ತು ಕರೆಯನ್ನು ಡಿಜಿಟಲ್ ಆಗಿ ಕಳಿಸುವ ವ್ಯವಸ್ಥೆ) ಇರುವುದು ಸಿಕ್ಕರೆ ಇನ್ನೂ ಒಳ್ಳೆಯದು. ಕೆಂಪು ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿದರೆ ನೀವಿರುವ ಜಾಗ 70ನೇ ಚಾನೆಲ್ಲಿನಲ್ಲಿ ತಾನಾಗಿಯೇ ಹೋಗುತ್ತದೆ. ಅದಕ್ಕೆ ರೇಡಿಯೊದ ಗುರುತಾದ ಒಂಬತ್ತು ಅಂಕಿಯ ಎಂಎಂಎಸ್‌ಐ ಸಂಖ್ಯೆಯನ್ನು ಮೊದಲೇ ತುಂಬಿಸಿರಬೇಕು. ಪರವಾನಗಿಯ ನಿಯಮ ದೇಶದಿಂದ ದೇಶಕ್ಕೆ ಬೇರೆ, ವಿಚಾರಿಸಿಕೊಳ್ಳಿ.

ಎರಡನೆಯದು ಪಿಎಲ್‌ಬಿ. ಯಾರೂ ಕೇಳಿಸಿಕೊಳ್ಳದ ಜಾಗಕ್ಕೆ ಅದು. 406 ಮೆಗಾಹರ್ಟ್ಸ್‌ನಲ್ಲಿ ಕಾಸ್ಪಾಸ್-ಸಾರ್‌ಸ್ಯಾಟ್ ಎಂಬ ಅಂತರರಾಷ್ಟ್ರೀಯ ರಕ್ಷಣಾ ಜಾಲದ ಉಪಗ್ರಹಗಳಿಗೆ ಸಂಕೇತ ಕಳಿಸುತ್ತದೆ, ಹತ್ತಿರ ಬಂದ ರಕ್ಷಕರು ಅದೇ ಸಾಧನದ 121.5 ಮೆಗಾಹರ್ಟ್ಸ್ ಸಂಕೇತ ಹಿಡಿದು ನಿಮ್ಮನ್ನು ಹುಡುಕುತ್ತಾರೆ. ತಿಂಗಳ ಶುಲ್ಕವಿಲ್ಲ, ಒಮ್ಮೆ ಚಾಲೂ ಮಾಡಿದರೆ ಕನಿಷ್ಠ 24 ಗಂಟೆ ಕೂಗುತ್ತಲೇ ಇರುತ್ತದೆ. ಕೊಂಡ ದಿನವೇ ನಿಮ್ಮ ಹೆಸರಿನಲ್ಲಿ ನೋಂದಾಯಿಸಿ. ಅಗ್ಗವೆಂದು 121.5 ಮಾತ್ರ ಇರುವ ಹಳೆಯ ಸಾಧನವನ್ನು ದಯವಿಟ್ಟು ಕೊಳ್ಳಬೇಡಿ. 2009ರ ಫೆಬ್ರುವರಿ 1ರಿಂದ ಉಪಗ್ರಹಗಳು ಅದಕ್ಕೆ ಕಿವಿಗೊಡುವುದಿಲ್ಲ.

ಉತ್ತರ 2

ಮೇಲಿನವರ ಮಾತಿಗೆ ನನ್ನದೊಂದು ಸೇರ್ಪಡೆ. ರೇಡಿಯೊ ಕೇಳಿ ಹೊರಟುಬಂದವರಿಗೂ ಕೊನೆಯ ಒಂದು ಕಿಲೋಮೀಟರಿನಲ್ಲಿ ನೀವು ಕಾಣಿಸುವುದಿಲ್ಲ. ಅಲೆಗಳ ನಡುವೆ ಮನುಷ್ಯನ ತಲೆ ಒಂದು ತೆಂಗಿನಕಾಯಿಯಷ್ಟೇ. ಹಗಲಿಗೆ ಕಿತ್ತಳೆ ಹೊಗೆ, ಇರುಳಿಗೆ ಕೆಂಪು ಕೈಫ್ಲೇರ್ ಇರಲಿ. ಕೈಫ್ಲೇರ್ ಉರಿಯುವುದು ಸುಮಾರು ಒಂದು ನಿಮಿಷ ಮಾತ್ರ, ಆದ್ದರಿಂದ ದೋಣಿಯೋ ಹೆಲಿಕಾಪ್ಟರೋ ಕಂಡ ಮೇಲೆಯೇ ಹಚ್ಚಿ. ತೋಳನ್ನು ಪೂರ್ತಿ ಚಾಚಿ, ಗಾಳಿ ಹೋಗುವ ಕಡೆಗೆ ಓರೆಯಾಗಿ ಹಿಡಿಯಿರಿ. ಅದರಿಂದ ಕೆಂಡದಂಥ ಹನಿಗಳು ಉದುರುತ್ತವೆ, ತೊಡೆಯ ಮೇಲೆ ಬಿದ್ದರೆ ಬಟ್ಟೆ ಸುಟ್ಟು ಚರ್ಮಕ್ಕೆ ತಗಲುತ್ತದೆ. ಮೇಲೆ ಅಚ್ಚಾದ ಅವಧಿಯ ತಾರೀಕನ್ನೂ ನೋಡಿ.

ಕನ್ನಡಿಯನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ, ಆದರೆ ಬಿಸಿಲಿದ್ದರೆ ಅದರ ಮಿಂಚು ಹಲವು ಮೈಲಿ ದೂರಕ್ಕೆ ಕಾಣುತ್ತದೆ. ಒಂದು ಕೈ ಚಾಚಿ ಎರಡು ಬೆರಳು ಅಗಲಿಸಿ, ಆ ಸಂದಿನಲ್ಲಿ ದೋಣಿಯನ್ನು ಹಿಡಿದಿಟ್ಟುಕೊಂಡು, ಬೆಳಕಿನ ಚುಕ್ಕೆಯನ್ನು ಬೆರಳುಗಳ ಮೇಲೆ ಆಡಿಸಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ಪಿಎಲ್‌ಬಿ ಬದಲು ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಆಗದೇ? ಅದರಲ್ಲಿ ಮರುಮಾತೂ ಬರುತ್ತದೆಯಂತೆ.

ಉತ್ತರ 1

ಬರುತ್ತದೆ, ಅದು ದೊಡ್ಡ ಅನುಕೂಲವೇ. ಕಾಲು ಮುರಿದಿದೆಯೋ ದೋಣಿ ಒಡೆದಿದೆಯೋ ಎಂದು ಬರೆದು ತಿಳಿಸಬಹುದು. ಆದರೆ ಚಂದಾ ಕಟ್ಟುತ್ತಿರಬೇಕು, ಚಾರ್ಜ್ ಮಾಡುತ್ತಿರಬೇಕು. ಎರಡರಲ್ಲಿ ಒಂದನ್ನು ಮರೆತರೂ ಬೇಕಾದ ಹೊತ್ತಿಗೆ ಅದು ಕೈಕೊಡುತ್ತದೆ. ಪಿಎಲ್‌ಬಿ ವರ್ಷಗಟ್ಟಲೆ ಜೇಬಿನಲ್ಲಿ ಸುಮ್ಮನೆ ಕಾಯುತ್ತದೆ. ನಿಮ್ಮ ಐದಾರು ಕಿಲೋಮೀಟರಿಗೆ ನಾನಾದರೆ ವಿಎಚ್‌ಎಫ್ ಮತ್ತು ಪಿಎಲ್‌ಬಿಯನ್ನೇ ಒಯ್ಯುತ್ತೇನೆ.

ಹೊರಡುವ ಮುನ್ನ ಒಂದು ಕೆಲಸ ಮಾಡಿ. ಎದೆಮಟ್ಟದ ನೀರಿನಲ್ಲಿ ಕಯಾಕನ್ನು ಮಗುಚಿ, ಒಂದು ಕೈಯಿಂದ ಅದನ್ನು ಹಿಡಿದುಕೊಳ್ಳಿ, ಇನ್ನೊಂದು ಕೈಯಿಂದ ರೇಡಿಯೊ ಹೊರತೆಗೆಯಿರಿ. ಮೈಕಿನಲ್ಲಿ ತುಂಬಿದ ನೀರನ್ನು ಕೊಡವಿ. ಮಾತು ಕಳಿಸುವ ಗುಂಡಿ ಒತ್ತದೆಯೇ ಮೂರು ಸಲ ಮೇಡೇ ಎಂಬ ತುರ್ತು ಕೂಗು, ನಿಮ್ಮ ಗುರುತು, ಇರುವ ಜಾಗ, ಆದದ್ದೇನು, ಎಷ್ಟು ಜನ ಎಂಬಷ್ಟನ್ನು ಗಟ್ಟಿಯಾಗಿ ಹೇಳಿ. ನಿಮ್ಮ ಗೆಳೆಯರಿಂದಲೂ ಮಾಡಿಸಿ. ಜೇಬಿನ ಜಿಪ್ ಒಂದೇ ಕೈಗೆ ತೆರೆಯದಿದ್ದರೆ ಅದಕ್ಕೊಂದು ದಪ್ಪ ದಾರದ ಕುಣಿಕೆ ಕಟ್ಟಿ. ನನ್ನದಕ್ಕೆ ಕಟ್ಟಬೇಕಾಯಿತು.