ಬೆಂಗಳೂರಿಗೆ ಹೋಗುವಷ್ಟಲ್ಲ, ಸುಮ್ನಿರುವಷ್ಟೂ ಅಲ್ಲ. ಯಾರನ್ನು ಕೇಳಲಿ?

ಆಲೂರಿನಅಮ್ಮ:
ನನಗೆ 56. ಎಡ ಸ್ತನದ ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮುಗಿದು 8 ತಿಂಗಳಾಯಿತು. ಈಗ ಕ್ಯಾನ್ಸರ್ ಮರುಕಳಿಸದಿರಲಿ ಅಂತ ದಿನಕ್ಕೊಂದು ಲೆಟ್ರೋಜೋಲ್ ಮಾತ್ರೆ, ಮೂರು ತಿಂಗಳಿಗೊಮ್ಮೆ ತಪಾಸಣೆ. ಮನೆಗೆ ಬಂದವರೆಲ್ಲ "ಗುಣ ಆಯ್ತಲ್ಲ" ಅನ್ನುತ್ತಾರೆ. ನಾನೂ ಹೂಂ ಅನ್ನುತ್ತೇನೆ. ಆದರೆ ಬೆಳಗ್ಗೆ ಬೆರಳು ಮಡಚಲು ಆಗುವುದಿಲ್ಲ, ಅಕ್ಕಿರೊಟ್ಟಿ ತಟ್ಟಲು ಸೊಸೆಯನ್ನೇ ಕರೆಯಬೇಕು. ಮೊನ್ನೆ ಎಡಗೈ ಬಳೆ ಸೋಪು ಹಚ್ಚಿ ಎಳೆದರೂ ಬರಲಿಲ್ಲ. ಕೊನೆಗೆ ಒಡೆಯಬೇಕಾಯಿತು. ಅತ್ತೆ ಇದ್ದಿದ್ದರೆ ಬೈಯುತ್ತಿದ್ದರು! ಇಲ್ಲೊಂದು ಕ್ಲಿನಿಕ್ಕಿಗೆ ಹೋದರೆ ಬಿಪಿ ಪಟ್ಟಿಯನ್ನು ಆಪರೇಷನ್ ಆದ ಕಡೆಯ ಅದೇ ಕೈಗೆ ಸುತ್ತಿದರು. ಫೈಲ್ ತೆಗೆದು ತೋರಿಸಿದೆ, ಬಿಚ್ಚಿಯೂ ನೋಡಲಿಲ್ಲ. ಇಂಥದ್ದಕ್ಕೆಲ್ಲ ಮಗನಿಗೆ ರಜೆ ಹಾಕು ಅನ್ನಲು ಸಂಕೋಚ.

ಅರಸೀಕೆರೆಮಗಳು:
ಅಮ್ಮಾ, ಬಳೆ ಬಿಗಿಯಾಗಿದ್ದು ಸಣ್ಣ ವಿಷಯ ಅಲ್ಲ. ನಮ್ಮಮ್ಮನಿಗೂ ಹೀಗೇ ಶುರುವಾಗಿದ್ದು. ಆಪರೇಷನ್‌ನಲ್ಲಿ ಕಂಕುಳಿನ ದುಗ್ಧಗ್ರಂಥಿಗಳನ್ನು ತೆಗೆದ ಮೇಲೆ ಕೆಲವರಿಗೆ ಕೈಯಲ್ಲಿ ನೀರು ನಿಲ್ಲುತ್ತೆ, ಲಿಂಫೆಡಿಮಾ ಅಂತಾರೆ. ಬೇಗ ತೋರಿಸಿದರೆ ವ್ಯಾಯಾಮ, ಕೈಗೆ ಹಾಕುವ ಬಿಗಿ ತೋಳುಚೀಲದಲ್ಲೇ ಹಿಡಿತಕ್ಕೆ ಬರುತ್ತೆ. ಮುಂದಿನ ತಪಾಸಣೆವರೆಗೆ ಕಾಯಬೇಡಿ. ಫೈಲ್ ಹಿಡಿದು ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ನ ಸರ್ಜರಿ ವಿಭಾಗಕ್ಕೆ ಹೋಗಿ. ಕೈ ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ ಅವತ್ತೇ ಹೋಗಬೇಕು. ದರ್ಜಿ ಟೇಪಿನಲ್ಲಿ ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ಎರಡೂ ಕೈ ಅಳೆಯಿರಿ. ವಾರಕ್ಕೊಮ್ಮೆ ಕ್ಯಾಲೆಂಡರಿನಲ್ಲಿ ಬರೆದಿಡಿ, ಡಾಕ್ಟರಿಗೆ ಅದೇ ಸಾಕ್ಷಿ.

ಮೂರನೇವರ್ಷ:
ಬೆರಳು ಹಿಡಿಯೋದು ಲೆಟ್ರೋಜೋಲ್‌ನಿಂದ ಇರಬಹುದು ಅಕ್ಕ. ಹಾಗಂತ ನೀವಾಗಿ ಬಿಡಬೇಡಿ. ನಾನು 20 ದಿನ ಬಿಟ್ಟು ಡಾಕ್ಟರ ಹತ್ತಿರ ಚೆನ್ನಾಗಿ ಬೈಸಿಕೊಂಡೆ. ಆಮೇಲೆ ಅವರೇ ಬೇರೆ ಮಾತ್ರೆಗೆ ಬದಲಾಯಿಸಿದರು. ನನ್ನ ಕೇಳಿದರೆ ಅವತ್ತು ಬೈಗುಳಕ್ಕಿಂತ ಬಸ್ಸಿನ ಖರ್ಚೇ ಜಾಸ್ತಿ ನೋವು ಕೊಟ್ಟಿದ್ದು! ಈ ಮಾತ್ರೆ ಮೂಳೆಯನ್ನೂ ಸವೆಸುತ್ತೆ, ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಆಗಿದೆಯಾ ಕೇಳಿ. ಬೆಂಗಳೂರಿಗೆ ರೈಲಲ್ಲಿ ಹೋಗಿ. 2017ರಿಂದ ಹಾಸನದಿಂದ ಕುಣಿಗಲ್ ಮೇಲೆ ನೇರ ದಾರಿ ಇದೆಯಲ್ಲ. ತಪಾಸಣೆಗೆ ಹೋಗುವಾಗಲೂ ಕ್ಯಾನ್ಸರ್ ರೋಗಿಗೆ, ಜೊತೆಗೆ ಬರುವವರಿಗೆ ಟಿಕೆಟ್ ರಿಯಾಯಿತಿ ಉಂಟು. ಆಸ್ಪತ್ರೆಯಲ್ಲಿ ಅದರ ಫಾರಂಗೆ ಸಹಿ ಹಾಕಿಸಿಕೊಳ್ಳಿ.

ಆಲೂರಿನಅಮ್ಮ:
ಅಳೆದೆವು. ಎಡಗೈ ಎರಡು ಸೆಂಟಿಮೀಟರ್ ಜಾಸ್ತಿ. ಸೋಮವಾರ ಹಿಮ್ಸ್‌ಗೆ ಸೊಸೆ ಬರುತ್ತಾಳಂತೆ. ಫೈಲಿನ ಪುಟಗಳನ್ನೆಲ್ಲ ಫೋನಿನಲ್ಲಿ ಫೋಟೋ ತೆಗೆದುಕೊಂಡಿದ್ದಾಳೆ. ಮಗನಿಗೆ ಅವಳೇ ಹೇಳುತ್ತಾಳಂತೆ.